ಆಡಿದವರು ಆಡಿಸಲು ನಿಂತಾಗ: ಡೇಮಿಯನ್ ಡಫ್ ಅವರ ದಾರಿಯನ್ನು ಅಳೆಯುವುದು ಹೇಗೆ

ದೊಡ್ಡ ಫುಟ್ಬಾಲ್ ಆಟಗಾರರೊಬ್ಬರು ಮುಂದೆ ತಂಡವನ್ನು ಆಡಿಸುವ ಮ್ಯಾನೇಜರ್ ಆಗಿ ಗೆದ್ದರೆ, "ಅಷ್ಟು ಚೆನ್ನಾಗಿ ಆಡಿದವರು ಗೆಲ್ಲದೆ ಇರುತ್ತಾರಾ" ಅನ್ನುತ್ತಾರೆ. ಸೋತರೆ, "ಆಡುವುದು ಬೇರೆ, ಆಡಿಸುವುದು ಬೇರೆ" ಅನ್ನುತ್ತಾರೆ. ಎರಡು ಮಾತೂ ಒಂದೇ ಬಾಯಿಂದ ಬರುವುದನ್ನು ಬೇಕಾದಷ್ಟು ಸಲ ಕೇಳಿದ್ದೇನೆ. ಎರಡರಿಂದಲೂ ಏನೂ ತಿಳಿಯುವುದಿಲ್ಲ. ಒಬ್ಬರು ಮ್ಯಾನೇಜರ್ ಆಗಿ ನಿಜಕ್ಕೂ ಏನು ಮಾಡಿದರು ಅಂತ ತಿಳಿಯಬೇಕಾದರೆ ಸ್ವಲ್ಪ ಕೂತು ಬರೆದುಕೊಳ್ಳಬೇಕು. ನಾನು ಅದನ್ನು ಹೇಗೆ ಮಾಡುತ್ತೇನೆ ಅಂತ ಇಲ್ಲಿ ಹೇಳುತ್ತೇನೆ. ನೀವೂ ಮಾಡಬಹುದು.

ಉದಾಹರಣೆಗೆ ಐರ್ಲೆಂಡ್ ಪರ ಆಡಿದ ಡೇಮಿಯನ್ ಡಫ್ ಅವರನ್ನು ತೆಗೆದುಕೊಳ್ಳುತ್ತೇನೆ. ನಾನಿರುವುದು ಉತ್ತರ ಡಬ್ಲಿನ್‌ನ ಡ್ರಮ್‌ಕಾಂಡ್ರಾದಲ್ಲಿ. ಡಫ್ ಮ್ಯಾನೇಜರ್ ಆಗಿದ್ದ ಶೆಲ್‌ಬರ್ನ್ ಕ್ಲಬ್ಬಿನ ಟೋಲ್ಕಾ ಪಾರ್ಕ್ ಮೈದಾನಕ್ಕೆ ನಮ್ಮ ಮನೆಯಿಂದ ನಡೆದೇ ಹೋಗಬಹುದು. ಅವರ ತಂಡದ ಆಟವನ್ನು ಕಣ್ಣಾರೆ ನೋಡಿದ್ದೇನೆ. ಇನ್ನೊಂದು ಕಾರಣವೂ ಇದೆ. ಶೆಲ್‌ಬರ್ನ್‌ನಲ್ಲಿ ಅವರ ಕೆಲಸಕ್ಕೆ ಒಂದು ಶುರು ಇದೆ, ಒಂದು ಕೊನೆ ಇದೆ: 2021ರ ನವೆಂಬರ್‌ನಿಂದ 2025ರ ಜೂನ್ ತನಕ. ಇನ್ನೂ ನಡೆಯುತ್ತಿರುವ ಕೆಲಸವನ್ನು ಅಳೆಯುವುದು ಕಷ್ಟ. ಮುಗಿದದ್ದನ್ನು ಅಳೆಯಬಹುದು.

ಬೇಕಾಗುವುದು ಒಂದು ನೋಟ್‌ಬುಕ್, ನೀಲಿ ಪೆನ್ನು, ಕೆಂಪು ಪೆನ್ನು, ಒಂದು ಪೆನ್ಸಿಲ್. ಎಡಗಡೆ ಪುಟದಲ್ಲಿ ಆಟಗಾರನಾಗಿ ಕಳೆದ ವರ್ಷಗಳು. ಬಲಗಡೆ ಪುಟದಲ್ಲಿ ಮ್ಯಾನೇಜರ್ ಆಗಿ ಕಳೆದ ವರ್ಷಗಳು. ಎರಡರ ಮಧ್ಯೆ ಒಂದು ಪುಟ ಖಾಲಿ ಬಿಡಿ. ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ. ಸಂಖ್ಯೆಗಳನ್ನು ಮೊದಲು ಪೆನ್ಸಿಲ್‌ನಲ್ಲೇ ಬರೆಯಿರಿ. ಎರಡು ಬೇರೆ ಬೇರೆ ಕಡೆ ಅದೇ ಸಂಖ್ಯೆ ಸಿಕ್ಕ ಮೇಲೆ ಮಾತ್ರ ಅದರ ಮೇಲೆ ಪೆನ್ನು ಓಡಿಸಿ.

ಎಡಗಡೆ ಪುಟ: ಗೋಲುಗಳನ್ನು ಬಿಡಿ

ಆಟಗಾರನ ಪುಟದಲ್ಲಿ ಎಲ್ಲರೂ ಬರೆಯುವುದು ಗೋಲು, ಪದಕ, ಖರೀದಿಯ ಹಣ. ಅದನ್ನು ಒಂದೆರಡು ಸಾಲಿನಲ್ಲಿ ಮುಗಿಸಿ. ಡಫ್ ಹುಟ್ಟಿದ್ದು 1979ರಲ್ಲಿ, ಡಬ್ಲಿನ್‌ನ ದಕ್ಷಿಣಕ್ಕಿರುವ ಬ್ಯಾಲಿಬೋಡನ್‌ನವರು. ಎಡಗಾಲಿನ ವಿಂಗರ್, ಅಂದರೆ ಮೈದಾನದ ಅಂಚಿನಲ್ಲಿ ಓಡಿ ಆಡುವವರು. 1996ರಲ್ಲಿ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ರೋವರ್ಸ್‌ಗೆ ಹೋದರು. 2003ರಲ್ಲಿ ಚೆಲ್ಸಿ ಅವರಿಗೆ 1.7 ಕೋಟಿ ಪೌಂಡ್ ಕೊಟ್ಟಿತು. ಅಲ್ಲಿ 2005 ಮತ್ತು 2006ರಲ್ಲಿ ಪ್ರೀಮಿಯರ್ ಲೀಗ್ ಗೆದ್ದರು. ಆಮೇಲೆ ನ್ಯೂಕಾಸಲ್, ಫುಲ್ಹಮ್, ಮೆಲ್ಬರ್ನ್ ಸಿಟಿ. ಕೊನೆಗೆ ಡಬ್ಲಿನ್‌ಗೇ ವಾಪಸ್ ಬಂದು 2015ರಲ್ಲಿ ಶ್ಯಾಮ್‌ರಾಕ್ ರೋವರ್ಸ್‌ಗೆ ಸ್ವಲ್ಪ ಕಾಲ ಆಡಿದರು. ಐರ್ಲೆಂಡ್ ಪರ 100 ಪಂದ್ಯ. ನೂರನೆಯದು 2012ರಲ್ಲಿ ಯುರೋಪಿನ ದೇಶಗಳ ಟೂರ್ನಿ ಯೂರೋದಲ್ಲಿ ಇಟಲಿ ವಿರುದ್ಧ, ಪೋಲೆಂಡಿನ ಪೊಜ್ನಾನ್‌ನಲ್ಲಿ. ಆ ದಿನ ನಾಯಕನ ಪಟ್ಟಿ ಅವರ ತೋಳಿನ ಮೇಲಿತ್ತು.

ಈಗ ನಿಜವಾದ ಕೆಲಸಕ್ಕೆ ಬನ್ನಿ. ಎಡಗಡೆ ಪುಟದಲ್ಲಿ ಮೂರು ವಿಷಯ ಹುಡುಕಬೇಕು.

ಮೊದಲನೆಯದು, ಯಾರ ಕೈಕೆಳಗೆ ಆಡಿದರು. ಇದು ಮ್ಯಾನೇಜರ್ ಆಗುವವರ ಪಾಠಶಾಲೆ. ಡಫ್ ಅವರ ಪಟ್ಟಿ ನೋಡಿ. ಬ್ಲ್ಯಾಕ್‌ಬರ್ನ್‌ನಲ್ಲಿ ರಾಯ್ ಹಾಡ್ಗ್‌ಸನ್, ಗ್ರೇಮ್ ಸೌನೆಸ್. ಚೆಲ್ಸಿಯಲ್ಲಿ ಕ್ಲೌಡಿಯೋ ರನಿಯೇರಿ, ಹೋಸೆ ಮೌರಿನ್ಯೋ. ಫುಲ್ಹಮ್‌ನಲ್ಲಿ ಮತ್ತೆ ಹಾಡ್ಗ್‌ಸನ್. ಐರ್ಲೆಂಡ್ ತಂಡದಲ್ಲಿ ಮಿಕ್ ಮೆಕಾರ್ಥಿ, ಬ್ರಯನ್ ಕೆರ್, ಜೋವಾನ್ನಿ ಟ್ರಪಟೋನಿ. ಇವರಲ್ಲಿ ಕೆರ್ ಅವರ ಹೆಸರಿಗೆ ನಾನು ಗೆರೆ ಎಳೆಯುತ್ತೇನೆ. 1997ರಲ್ಲಿ ಮಲೇಷ್ಯಾದಲ್ಲಿ ನಡೆದ ಯುವ ವಿಶ್ವಕಪ್‌ನಲ್ಲಿ ಐರ್ಲೆಂಡ್ ಮೂರನೇ ಸ್ಥಾನ ಪಡೆಯಿತು. ತಂಡದಲ್ಲಿ ಡಫ್ ಇದ್ದರು, ಕೋಚ್ ಆಗಿದ್ದವರು ಕೆರ್. ಕೆರ್ ದೊಡ್ಡ ಆಟಗಾರರಾಗಿರಲಿಲ್ಲ. ಡಬ್ಲಿನ್‌ನ ಮಕ್ಕಳ ತಂಡಗಳಿಂದ ಮೇಲೆ ಬಂದ ಕೋಚ್. ದೊಡ್ಡವರ ತಂಡಕ್ಕೆ ಕೈ ಹಾಕುವ ಮೊದಲು ಹುಡುಗರನ್ನು ಬೆಳೆಸಿದವರ ಹತ್ತಿರ ಡಫ್ ಚಿಕ್ಕ ವಯಸ್ಸಿನಲ್ಲೇ ಆಡಿದ್ದರು ಅನ್ನುವುದು ಮುಂದೆ ಉಪಯೋಗಕ್ಕೆ ಬರುತ್ತದೆ.

ಎರಡನೆಯದು, ಸೋಲು. ಇದಕ್ಕೇ ಕೆಂಪು ಪೆನ್ನು. ಡಫ್ ಅಂದರೆ ಎಲ್ಲರಿಗೂ ಚೆಲ್ಸಿ ನೆನಪಾಗುತ್ತದೆ. ಆದರೆ ಅವರಿದ್ದ ತಂಡಗಳು ಮೂರು ಸಲ ಕೆಳಗಿನ ಡಿವಿಷನ್‌ಗೆ ಬಿದ್ದಿವೆ. 1999ರಲ್ಲಿ ಬ್ಲ್ಯಾಕ್‌ಬರ್ನ್. 2009ರಲ್ಲಿ ನ್ಯೂಕಾಸಲ್. 2014ರಲ್ಲಿ ಫುಲ್ಹಮ್. ನ್ಯೂಕಾಸಲ್ ಬಿದ್ದ ದಿನ ಆಸ್ಟನ್ ವಿಲ್ಲಾ ಹೊಡೆದ ಚೆಂಡು ಡಫ್ ಅವರಿಗೇ ತಾಗಿ ತಮ್ಮದೇ ಬಲೆಗೆ ಹೋಗಿತ್ತು. 2010ರಲ್ಲಿ ಫುಲ್ಹಮ್ ಜತೆ ಯುರೋಪಿನ ಕ್ಲಬ್‌ಗಳ ಎರಡನೇ ದೊಡ್ಡ ಟೂರ್ನಿ ಯೂರೋಪಾ ಲೀಗ್‌ನ ಫೈನಲ್ ಆಡಿದರು. ಅದೂ ಹೆಚ್ಚುವರಿ ಸಮಯದಲ್ಲಿ ಅಟ್ಲೆಟಿಕೋ ಮ್ಯಾಡ್ರಿಡ್‌ಗೆ ಹೋಯಿತು. ಇದನ್ನೆಲ್ಲ ಕೆಂಪಿನಲ್ಲಿ ಬರೆದು ಪುಟವನ್ನು ಸ್ವಲ್ಪ ದೂರ ಹಿಡಿದು ನೋಡಿ. ಬರೀ ಗೆಲುವಿನಲ್ಲಿ ಬೆಳೆದವರ ಪುಟ ಹೀಗಿರುವುದಿಲ್ಲ. ಮುಳುಗುತ್ತಿರುವ ತಂಡದ ಡ್ರೆಸ್ಸಿಂಗ್ ರೂಮ್ ಹೇಗಿರುತ್ತದೆ ಅಂತ ಈ ಮನುಷ್ಯನಿಗೆ ಚೆನ್ನಾಗಿ ಗೊತ್ತಿದೆ. ಕಷ್ಟದಲ್ಲಿರುವ ಕ್ಲಬ್ಬಿಗೆ ಬರುವ ಮ್ಯಾನೇಜರ್‌ಗೆ ಎರಡು ಲೀಗ್ ಪದಕಕ್ಕಿಂತ ಈ ಅನುಭವ ಜಾಸ್ತಿ ಕೆಲಸಕ್ಕೆ ಬರುತ್ತದೆ ಅನ್ನುವುದು ನನ್ನ ನಂಬಿಕೆ.

ಮೂರನೆಯದು, ಆಟದ ಕೊನೆಯ ವರ್ಷಗಳು. ಗಾಯವಾದಾಗ, ಕಾಲು ನಿಧಾನವಾದಾಗ ಎಲ್ಲಿಗೆ ಹೋದರು? ಡಫ್ ತಮ್ಮ ಊರಿನ ಲೀಗ್‌ಗೆ ಬಂದರು, ಶ್ಯಾಮ್‌ರಾಕ್ ರೋವರ್ಸ್ ಕೊಟ್ಟ ಸಂಬಳವನ್ನು ದಾನಕ್ಕೆ ಕೊಟ್ಟರು. 2015ರ ಡಿಸೆಂಬರ್‌ನಲ್ಲಿ ಆಟ ನಿಲ್ಲಿಸಿದರು. ಆ ಕೆಲವೇ ತಿಂಗಳಲ್ಲಿ ಅವರು ಐರ್ಲೆಂಡ್ ಲೀಗ್‌ನ ಮೈದಾನ, ಬಸ್ಸು, ಚಳಿ ಎಲ್ಲವನ್ನೂ ಆಟಗಾರನಾಗಿ ಕಂಡಿದ್ದರು.

ಮಧ್ಯದ ಪುಟ: ಇಲ್ಲಿ ನಿಧಾನವಾಗಿ ಓದಿ

ಖಾಲಿ ಬಿಡಿ ಅಂದಿದ್ದು ಈ ಪುಟವನ್ನೇ. ಆಟ ನಿಲ್ಲಿಸಿದ ದಿನದಿಂದ ಮೊದಲ ತಂಡದ ಮ್ಯಾನೇಜರ್ ಆದ ದಿನದವರೆಗೆ ಏನು ಮಾಡಿದರು? ನನ್ನ ಪ್ರಕಾರ ಇಡೀ ನೋಟ್‌ಬುಕ್‌ನಲ್ಲಿ ಇದೇ ಮುಖ್ಯವಾದ ಪುಟ. ಹೆಚ್ಚಿನವರು ಇದನ್ನು ಹಾರಿಸಿಬಿಡುತ್ತಾರೆ.

ಡಫ್ ಅವರ ಮಧ್ಯದ ಪುಟ ಹೀಗಿದೆ. 2017ರಲ್ಲಿ ಶ್ಯಾಮ್‌ರಾಕ್ ರೋವರ್ಸ್‌ನ 15 ವರ್ಷದೊಳಗಿನ ಹುಡುಗರ ಕೋಚ್. 2019ರ ಜನವರಿಯಲ್ಲಿ ಗ್ಲಾಸ್ಗೋದ ಸೆಲ್ಟಿಕ್‌ನಲ್ಲಿ ರಿಸರ್ವ್ ತಂಡದ ಕೋಚ್. ಮುಂದಿನ ತಿಂಗಳೇ ಅಲ್ಲಿ ಮ್ಯಾನೇಜರ್ ಬದಲಾದರು. ನೀಲ್ ಲೆನನ್ ಬಂದಾಗ ಡಫ್ ಮೊದಲ ತಂಡದ ಕೋಚ್ ಆದರು. 2020ರಲ್ಲಿ ಐರ್ಲೆಂಡ್ ತಂಡದಲ್ಲಿ ಸ್ಟೀಫನ್ ಕೆನಿ ಅವರ ಸಹಾಯಕ. 2021ರ ಜನವರಿಯಲ್ಲಿ ಆ ಕೆಲಸ ಬಿಟ್ಟರು. ಅದೇ ವರ್ಷ ಶೆಲ್‌ಬರ್ನ್‌ಗೆ ಬಂದರು, ಬಂದಿದ್ದು 17 ವರ್ಷದೊಳಗಿನ ತಂಡಕ್ಕೆ. ನವೆಂಬರ್‌ನಲ್ಲಿ ಮೊದಲ ತಂಡ ಅವರ ಕೈಗೆ ಬಂತು.

100 ಪಂದ್ಯ ಆಡಿದ, ಚೆಲ್ಸಿಯಲ್ಲಿ ಗೆದ್ದ ಮನುಷ್ಯ ಎರಡು ಸಲ ಹುಡುಗರ ತಂಡದಿಂದ ಶುರು ಮಾಡಿದ್ದಾರೆ. ರಾಷ್ಟ್ರೀಯ ತಂಡದ ಬೆಂಚಿನಿಂದ ಎದ್ದು 17 ವರ್ಷದೊಳಗಿನವರ ಮೈದಾನಕ್ಕೆ ಇಳಿದಿದ್ದಾರೆ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಿ.

ಈ ಕೆಲಸ ಎಷ್ಟು ಅಂತ ನನಗೆ ಸ್ವಲ್ಪ ಗೊತ್ತು. ನನ್ನ ಮಗನ ತಂಡಕ್ಕೆ ನಾನೂ ಕೈ ಜೋಡಿಸುತ್ತೇನೆ. ಕೋನ್ ಇಡುವುದು, ಚೆಂಡಿಗೆ ಗಾಳಿ ತುಂಬುವುದು, ಮಳೆಯಲ್ಲಿ ನಿಂತು ಶೂ ಲೇಸ್ ಕಟ್ಟಿಕೊಡುವುದು. ಅಷ್ಟಕ್ಕೇ ಪೊಲೀಸ್ ತಪಾಸಣೆ ಆಗಬೇಕು, ಮಕ್ಕಳ ಸುರಕ್ಷತೆಯ ತರಗತಿಗೆ ಕೂರಬೇಕು. ಆಮೇಲೆ ಐರ್ಲೆಂಡ್ ಫುಟ್ಬಾಲ್ ಸಂಸ್ಥೆ ಎಫ್‌ಎಐ ನಡೆಸುವ ಆರಂಭದ ಕೋರ್ಸ್‌ಗಳು. ಅಲ್ಲಿಂದ ಮೇಲೆ ಯುರೋಪಿನ ಫುಟ್ಬಾಲ್ ಸಂಸ್ಥೆ ಯೂಯೆಫಾ ಕೊಡುವ ಲೈಸೆನ್ಸ್‌ಗಳ ಮೆಟ್ಟಿಲು: ಸಿ, ಬಿ, ಎ, ಕೊನೆಗೆ ಪ್ರೊ. ಮೇಲಿನ ಡಿವಿಷನ್‌ನಲ್ಲಿ ಮುಖ್ಯ ಕೋಚ್ ಆಗಬೇಕಾದರೆ ಪ್ರೊ ಕೇಳುತ್ತಾರೆ. ಒಂದೊಂದು ಮೆಟ್ಟಿಲಿಗೂ ತಿಂಗಳುಗಟ್ಟಲೆ ಸಮಯ ಬೇಕು. ಮೈದಾನದಲ್ಲಿ ತಂಡವನ್ನು ನಡೆಸಿ ತೋರಿಸಬೇಕು, ಪರೀಕ್ಷಕರು ಬಂದು ನೋಡಬೇಕು. ಹಾಗಾಗಿ ಯಾರದೇ ಮಧ್ಯದ ಪುಟ ಬರೆಯುವಾಗ ಯಾವ ವಯಸ್ಸಿನ ತಂಡಕ್ಕೆ ಕಲಿಸಿದರು ಅನ್ನುವುದನ್ನು ಬಿಡಬೇಡಿ. 15 ವರ್ಷದ ಹುಡುಗನಿಗೆ ಒಂದು ವಿಷಯ ಅರ್ಥವಾಗುವ ಹಾಗೆ ಹೇಳಲು ಬರದಿದ್ದರೆ 25 ವರ್ಷದವನಿಗೂ ಹೇಳಲು ಬರುವುದಿಲ್ಲ. ದೊಡ್ಡವನು ಅರ್ಥವಾದಂತೆ ತಲೆ ಆಡಿಸುತ್ತಾನೆ, ಅಷ್ಟೇ ವ್ಯತ್ಯಾಸ.

ಮಧ್ಯದ ಪುಟ ಉದ್ದ ಇದ್ದವರೇ ಗೆಲ್ಲುತ್ತಾರೆ ಅಂತ ಮಾತ್ರ ತೀರ್ಮಾನ ಮಾಡಬೇಡಿ. ಕಾರ್ಕ್‌ನ ರಾಯ್ ಕೀನ್ ಅವರನ್ನು ನೋಡಿ. 2006ರ ಬೇಸಿಗೆಯಲ್ಲಿ ಆಟ ನಿಲ್ಲಿಸಿದರು, ಆಗಸ್ಟ್‌ನಲ್ಲಿ ಸಂಡರ್‌ಲ್ಯಾಂಡ್ ಮ್ಯಾನೇಜರ್. ಮಧ್ಯದ ಪುಟದಲ್ಲಿ ಬರೆಯಲು ಏನೂ ಇಲ್ಲ. ಆದರೂ ಇಂಗ್ಲೆಂಡಿನ ಎರಡನೇ ಹಂತದ ಲೀಗ್ ಚಾಂಪಿಯನ್‌ಶಿಪ್‌ನಲ್ಲಿ ತೊಳಲಾಡುತ್ತಿದ್ದ ತಂಡವನ್ನು ಅದೇ ಸೀಸನ್‌ನಲ್ಲಿ ಗೆಲ್ಲಿಸಿ ಪ್ರೀಮಿಯರ್ ಲೀಗ್‌ಗೆ ತಂದರು. 2008ರ ಡಿಸೆಂಬರ್‌ನಲ್ಲಿ ಬಿಟ್ಟರು. ಆಮೇಲೆ ಇಪ್ಸ್‌ವಿಚ್‌ನಲ್ಲಿ 2009ರಿಂದ 2011ರ ಜನವರಿ ತನಕ ಇದ್ದರು, ಅಲ್ಲಿ ಕೈ ಹತ್ತಲಿಲ್ಲ. ಅಲ್ಲಿಂದ ಮುಂದೆ ಅವರು ಮಾಡಿದ್ದು ಸಹಾಯಕನ ಕೆಲಸ, ಐರ್ಲೆಂಡ್ ತಂಡದಲ್ಲಿ ಮಾರ್ಟಿನ್ ಓ'ನೀಲ್ ಜತೆ. ಬೇರೆಯವರು ಮೊದಲು ಹತ್ತುವ ಮೆಟ್ಟಿಲು ಕೀನ್ ಅವರಿಗೆ ಆಮೇಲೆ ಬಂತು. ಡೇವಿಡ್ ಓ'ಲಿಯರಿ ಇನ್ನೊಂದು ಬಗೆ. ಲೀಡ್ಸ್‌ನಲ್ಲಿ ಜಾರ್ಜ್ ಗ್ರಹಾಂ ಅವರಿಗೆ ಸಹಾಯಕರಾಗಿದ್ದು, 1998ರಲ್ಲಿ ಅದೇ ಕುರ್ಚಿಗೆ ಬಂದು, 2001ರಲ್ಲಿ ತಂಡವನ್ನು ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ತನಕ ಕರೆದುಕೊಂಡು ಹೋದರು. ದಾರಿಗಳು ಬೇರೆ ಬೇರೆ. ಆದರೆ ಯಾವ ದಾರಿ ಅಂತ ಬರೆದುಕೊಳ್ಳದೆ ಮುಂದಿನ ಪುಟಕ್ಕೆ ಹೋದರೆ ಫಲಿತಾಂಶಕ್ಕೆ ಕಾರಣ ಸಿಗುವುದಿಲ್ಲ.

ಬಲಗಡೆ ಪುಟದ ಮೊದಲ ಸಾಲು: ಕ್ಲಬ್ ಯಾವ ಸ್ಥಿತಿಯಲ್ಲಿತ್ತು

ಮ್ಯಾನೇಜರ್ ಬಂದ ದಿನ ಕ್ಲಬ್ ಹೇಗಿತ್ತು ಅಂತ ಬರೆಯದೆ ಮುಂದೆ ಹೋಗಲೇಬೇಡಿ. ಇದು ಇಲ್ಲದಿದ್ದರೆ ಮುಂದಿನ ಸಂಖ್ಯೆಗಳಿಗೆ ಅರ್ಥವೇ ಇಲ್ಲ.

ಶೆಲ್‌ಬರ್ನ್ 1895ರಲ್ಲಿ ರಿಂಗ್ಸೆಂಡ್‌ನಲ್ಲಿ ಹುಟ್ಟಿದ ಕ್ಲಬ್. ರಿಂಗ್ಸೆಂಡ್ ಇರುವುದು ಲಿಫಿ ನದಿಯ ದಕ್ಷಿಣಕ್ಕೆ, ಈಗಿನ ಮೈದಾನ ಉತ್ತರಕ್ಕೆ. ಒಂದು ಕಾಲದಲ್ಲಿ ಇವರದು ಜೋರು ತಂಡ. 2004ರಲ್ಲಿ ಪ್ಯಾಟ್ ಫೆನ್ಲನ್ ಮ್ಯಾನೇಜರ್ ಆಗಿದ್ದಾಗ ಚಾಂಪಿಯನ್ಸ್ ಲೀಗ್ ಅರ್ಹತಾ ಸುತ್ತಿನಲ್ಲಿ ಸ್ಪೇನಿನ ಡೆಪೋರ್ಟಿವೋ ಲಾ ಕೊರುನಾ ತಂಡವನ್ನು ಲ್ಯಾನ್ಸ್‌ಡೌನ್ ರೋಡ್‌ನಲ್ಲಿ 0-0ಗೆ ಹಿಡಿದು ನಿಲ್ಲಿಸಿದ್ದರು. 2006ರಲ್ಲಿ ಲೀಗ್ ಗೆದ್ದರು. ಗೆದ್ದ ಬೆನ್ನಿಗೇ ಹಣದ ತೊಂದರೆಯಿಂದ ಅವರನ್ನು ಫಸ್ಟ್ ಡಿವಿಷನ್‌ಗೆ ಇಳಿಸಿದರು. ಹೆಸರು ಫಸ್ಟ್ ಆದರೂ ಅದು ಎರಡನೇ ಹಂತ. ಚಾಂಪಿಯನ್ ತಂಡ, ಮರುವರ್ಷ ಕೆಳಗಿನ ಡಿವಿಷನ್‌ನಲ್ಲಿ! ಅಲ್ಲಿಂದ ಮುಂದೆ ಮೇಲೆ ಬರುವುದು, ಕೆಳಗೆ ಬೀಳುವುದು. 2013ರಲ್ಲಿ ಬಿದ್ದರು, 2019ರಲ್ಲಿ ಎದ್ದರು, 2020ರಲ್ಲಿ ಮತ್ತೆ ಬಿದ್ದರು, 2021ರಲ್ಲಿ ಇಯನ್ ಮಾರಿಸ್ ಅವರ ಕೈಕೆಳಗೆ ಮತ್ತೆ ಎದ್ದರು. ಡಫ್ ಬಂದಿದ್ದು ಆಗ. ಅಂದರೆ ಅವರ ಮುಂದಿದ್ದ ಮೊದಲ ಪ್ರಶ್ನೆ ಕಪ್ ಗೆಲ್ಲುವುದರದ್ದಲ್ಲ, ಮತ್ತೆ ಬೀಳದಂತೆ ನಿಲ್ಲುವುದು.

ಜತೆಗೆ ಈ ಲೀಗ್‌ನ ನಿಯಮ, ನಡವಳಿಕೆ ಎರಡು ಸಾಲು ಬರೆದುಕೊಳ್ಳಿ. ಮೇಲಿನ ಹಂತವಾದ ಪ್ರೀಮಿಯರ್ ಡಿವಿಷನ್‌ನಲ್ಲಿ 10 ತಂಡ. ಒಬ್ಬರೊಡನೆ ಒಬ್ಬರು ನಾಲ್ಕು ಸಲ ಆಡುತ್ತಾರೆ, ಒಟ್ಟು 36 ಪಂದ್ಯ. ಕೊನೆಯ ತಂಡ ನೇರ ಕೆಳಗೆ, ಒಂಬತ್ತನೆಯ ತಂಡಕ್ಕೆ ಪ್ಲೇಆಫ್, ಅಂದರೆ ಉಳಿಯಲು ಗೆಲ್ಲಲೇಬೇಕಾದ ಪಂದ್ಯ. ಹೆಚ್ಚಿನ ಆಟ ಶುಕ್ರವಾರ ರಾತ್ರಿ. ಸೀಸನ್ ಫೆಬ್ರವರಿಯಿಂದ ನವೆಂಬರ್ ತನಕ.

ಈ ಕೊನೆಯ ಮಾತು ತುಂಬಾ ಮುಖ್ಯ. ಇಂಗ್ಲೆಂಡ್, ಸ್ಕಾಟ್ಲೆಂಡ್‌ನಲ್ಲಿ ಸೀಸನ್ ಆಗಸ್ಟ್‌ನಿಂದ ಮೇ ತನಕ. ಅವರು ಹೊಸ ಸೀಸನ್‌ಗೆ ಆಟಗಾರರನ್ನು ಕೊಳ್ಳುವ ಬೇಸಿಗೆ ಅಂದರೆ ಇಲ್ಲಿ ಲೀಗ್‌ನ ನಟ್ಟನಡುವೆ. ಶೆಲ್‌ಬರ್ನ್‌ನ ಗೋಲ್ ಹೊಡೆಯುವ ಹುಡುಗ ಜ್ಯಾಕ್ ಮಾಯ್ಲನ್ 2024ರ ಜನವರಿಯಲ್ಲಿ ಲಿಂಕನ್ ಸಿಟಿಗೆ ಹೋದರು. ಅದೇ ವರ್ಷ ಬೇಸಿಗೆಯಲ್ಲಿ, ತಂಡ ಪಟ್ಟಿಯ ಮೇಲ್ಭಾಗದಲ್ಲಿದ್ದಾಗಲೇ, ಡಿಫೆಂಡರ್ ಗ್ಯಾವಿನ್ ಮಲಾಯ್ ಅಬರ್ಡೀನ್‌ಗೆ ಹೋದರು. ಮ್ಯಾನೇಜರ್ ಕಟ್ಟಿದ ಗೋಡೆಯಿಂದ ಒಂದೊಂದೇ ಇಟ್ಟಿಗೆ ಎಳೆದುಕೊಂಡು ಹೋದ ಹಾಗೆ. ಆ ಜಾಗ ತುಂಬಿ ಮುಂದಿನ ಶುಕ್ರವಾರ ಆಡಬೇಕು.

ಬ್ರೆಕ್ಸಿಟ್ ಆದ ಮೇಲೆ ಇನ್ನೊಂದು ಬದಲಾವಣೆಯೂ ಆಗಿದೆ. 2021ರಿಂದ ಐರ್ಲೆಂಡಿನ ಹುಡುಗರು 18 ತುಂಬುವ ತನಕ ಬ್ರಿಟನ್ನಿನ ಕ್ಲಬ್ಬಿಗೆ ಹೋಗುವಂತಿಲ್ಲ. ಡಫ್ ಹೋಗಿದ್ದು 17ರ ವಯಸ್ಸಿನಲ್ಲಿ. ಈಗ ಅಂಥ ಹುಡುಗ ಡಬ್ಲಿನ್‌ನಲ್ಲೇ ಉಳಿದು ಇಲ್ಲಿನ ಕ್ಲಬ್ಬಿನಲ್ಲೇ ಬೆಳೆಯಬೇಕು. ಹಾಗಾಗಿ ಇವತ್ತಿನ ಐರಿಷ್ ಮ್ಯಾನೇಜರ್‌ಗೆ ಹುಡುಗರನ್ನು ಬೆಳೆಸಲು ಬರಲೇಬೇಕು. ಮಧ್ಯದ ಪುಟದಲ್ಲಿ ಹುಡುಗರ ತಂಡ ಇದೆಯಾ ಅಂತ ಹುಡುಕಲು ನಾನು ಹೇಳಿದ್ದು ಇದಕ್ಕೂ ಸೇರಿ.

ಮಾಲೀಕರ ಹೆಸರನ್ನೂ ಬರೆಯಿರಿ. 2023ರಲ್ಲಿ ಹಲ್ ಸಿಟಿಯ ಮಾಲೀಕ, ಟರ್ಕಿಯ ಅಜುನ್ ಇಲಿಜಾಲಿ ಶೆಲ್‌ಬರ್ನ್ ಕೊಂಡರು. 2024ರಲ್ಲಿ ಹೊರಗೆ ಹೋದರು, ಕ್ಲಬ್ ಮತ್ತೆ ಇಲ್ಲಿನವರ ಕೈಗೆ ಬಂತು. ಮೇಲೆ ಕೈ ಬದಲಾಗುತ್ತಿದ್ದಾಗ ಕೆಳಗೆ ತಂಡ ಅಲುಗಾಡಲಿಲ್ಲ ಅನ್ನುವುದೂ ಮ್ಯಾನೇಜರ್‌ನ ಕೆಲಸದ ಭಾಗವೇ. ಆ ನಂಟಿನಿಂದ ಬಂದ ಆಟಗಾರರೂ ಇದ್ದರು. ಹಲ್‌ನಲ್ಲಿ ಬೆಳೆದ ಹ್ಯಾರಿ ವುಡ್ ಅವರಲ್ಲಿ ಒಬ್ಬರು. ಆ ಹೆಸರು ಮುಂದೆ ಬರುತ್ತದೆ.

ಪಟ್ಟಿಯನ್ನು ಓದುವುದು

ಈಗ ಸೀಸನ್‌ಗಳು. ಒಂದೊಂದು ವರ್ಷಕ್ಕೆ ಒಂದು ಸಾಲು ಸಾಕು. 2022: ಏಳನೇ ಸ್ಥಾನ. 2023: ನಾಲ್ಕನೇ ಸ್ಥಾನ. 2024: ಮೊದಲ ಸ್ಥಾನ.

ಏಳು, ನಾಲ್ಕು, ಒಂದು. ನೋಡಿದರೆ ಸಲೀಸಾಗಿ ಏರಿದ ಹಾಗೆ ಕಾಣುತ್ತದೆ, ಅಲ್ವಾ? ಕೆಂಪು ಪೆನ್ನು ತೆಗೆಯಿರಿ. 2022ರ ನವೆಂಬರ್‌ನಲ್ಲಿ ಡಬ್ಲಿನ್‌ನ ಅವೀವಾ ಸ್ಟೇಡಿಯಂನಲ್ಲಿ ಎಫ್‌ಎಐ ಕಪ್ ಫೈನಲ್. ಶೆಲ್‌ಬರ್ನ್ 0, ಡೆರ್ರಿ ಸಿಟಿ 4. ಮೊದಲ ವರ್ಷದಲ್ಲೇ ಫೈನಲ್ ತಲುಪಿದ್ದು ದೊಡ್ಡದು. ಆದರೆ ಅಂಥ ಸೋಲಿನ ಮರುವರ್ಷವೇ ಎಷ್ಟೋ ತಂಡಗಳು ಕುಸಿಯುತ್ತವೆ. ಸೋಲಿನ ಮುಂದಿನ ಸೀಸನ್ ಹೇಗಿತ್ತು ಅಂತ ನೋಡುವುದು ಮ್ಯಾನೇಜರ್‌ನನ್ನು ಅಳೆಯಲು ನನಗೆ ಗೊತ್ತಿರುವ ಒಳ್ಳೆಯ ದಾರಿ. ಇಲ್ಲಿ ಮುಂದಿನ ಸೀಸನ್ ನಾಲ್ಕನೇ ಸ್ಥಾನ, ಯುರೋಪಿನ ಅವಕಾಶ. 2024ರ ಬೇಸಿಗೆಯಲ್ಲಿ ಯುರೋಪಿನ ಕ್ಲಬ್‌ಗಳ ಮೂರನೇ ಹಂತದ ಟೂರ್ನಿ ಕಾನ್ಫರೆನ್ಸ್ ಲೀಗ್‌ನ ಅರ್ಹತಾ ಸುತ್ತಿನಲ್ಲಿ ಜಿಬ್ರಾಲ್ಟರ್‌ನ ತಂಡವನ್ನು ದಾಟಿ, ಸ್ವಿಟ್ಜರ್‌ಲೆಂಡಿನ ಜೂರಿಕ್ ಎದುರು ನಿಂತರು.

ಅಂಕಗಳನ್ನು ಪಂದ್ಯಗಳಿಂದ ಭಾಗಿಸಿ. 2024ರಲ್ಲಿ ಶೆಲ್‌ಬರ್ನ್ 36 ಪಂದ್ಯಕ್ಕೆ 63 ಅಂಕ ಪಡೆಯಿತು. ಪಂದ್ಯಕ್ಕೆ 1.75. ಎರಡನೇ ಸ್ಥಾನದ ಶ್ಯಾಮ್‌ರಾಕ್ ರೋವರ್ಸ್‌ಗೆ 61. ಚಾಂಪಿಯನ್ ತಂಡಕ್ಕೆ ಪಂದ್ಯಕ್ಕೆ 1.75 ಕಡಿಮೆಯೇ. ಇದನ್ನು ಹಿಡಿದುಕೊಂಡು "ಆ ವರ್ಷ ಲೀಗ್ ದುರ್ಬಲವಾಗಿತ್ತು" ಅನ್ನುವವರಿದ್ದಾರೆ. ನಾನು ಬೇರೆ ಥರ ಓದುತ್ತೇನೆ. ಸ್ಟೀಫನ್ ಬ್ರ್ಯಾಡ್ಲಿ ಅವರ ಶ್ಯಾಮ್‌ರಾಕ್ ರೋವರ್ಸ್ 2020ರಿಂದ 2023ರ ತನಕ ಸತತ ನಾಲ್ಕು ಸಲ ಗೆದ್ದಿತ್ತು. ಅವರಷ್ಟು ಹಣವಿಲ್ಲದ ತಂಡ ಅವರನ್ನು ಹಿಂದೆ ಹಾಕಬೇಕಾದರೆ ಎಲ್ಲರನ್ನೂ ಹೊಡೆದುರುಳಿಸಲು ಆಗುವುದಿಲ್ಲ. ಸೋಲದೆ ಇರುವುದನ್ನು ಕಲಿಯಬೇಕು. ಟೋಲ್ಕಾದಲ್ಲಿ ನಾನು ನೋಡಿದ್ದೂ ಅದೇ. ಒಂದು ಗೋಲು ಹೊಡೆದ ಮೇಲೆ ಆ ತಂಡ ಸಡಿಲವಾಗುತ್ತಿರಲಿಲ್ಲ. ಚೆಂಡು ಕಳೆದುಕೊಂಡ ಕೂಡಲೇ ವಿಂಗರ್‌ಗಳು ಹಿಂದಕ್ಕೆ ಓಡುತ್ತಿದ್ದರು. ಒಂದು ಕಾಲದ ವಿಂಗರ್ ಮೈದಾನದ ಗೆರೆಯ ಪಕ್ಕ ನಿಂತು ತನ್ನ ವಿಂಗರ್‌ಗಳಿಂದ ಮೊದಲು ಕೇಳುತ್ತಿದ್ದದ್ದು ಈ ಹಿಂದಕ್ಕೆ ಓಡುವ ಕೆಲಸ. ಇಂಥದ್ದು ಅಂಕಪಟ್ಟಿಯಲ್ಲಿ ಸಿಗುವುದಿಲ್ಲ.

ಹಾಗಾಗಿ ಆಗೊಮ್ಮೆ ಈಗೊಮ್ಮೆ ಇಡೀ ಪಂದ್ಯ ನೋಡಿ. ಡಬ್ಲಿನ್‌ನಲ್ಲಿ ಇಲ್ಲದವರಿಗೆ ಲೀಗ್‌ನದೇ ಎಲ್‌ಒಐ ಟಿವಿ ಇದೆ. ನೋಡುವಾಗ ಚೆಂಡನ್ನು ಸ್ವಲ್ಪ ಹೊತ್ತು ಮರೆತು ಒಬ್ಬ ಆಟಗಾರನನ್ನು ಮಾತ್ರ ನೋಡಿ. ಅವನು ಚೆಂಡಿಲ್ಲದಾಗ ಏನು ಮಾಡುತ್ತಾನೆ? ಮ್ಯಾನೇಜರ್ ಮೊದಲ ಬದಲಿ ಆಟಗಾರನನ್ನು ಎಷ್ಟನೇ ನಿಮಿಷಕ್ಕೆ ಇಳಿಸಿದರು? ಗೆಲ್ಲುತ್ತಿದ್ದಾಗ ಇಳಿಸಿದರಾ, ಸೋಲುತ್ತಿದ್ದಾಗ ಇಳಿಸಿದರಾ? ಗೋಲು ಬಿಟ್ಟುಕೊಟ್ಟ ಮೇಲಿನ ಐದು ನಿಮಿಷ ತಂಡ ಚದುರಿತಾ? ಇಷ್ಟನ್ನು ಬರೆದರೆ ಸಾಕು. ತಂಡ 4-3-3ರಲ್ಲಿ ನಿಂತಿತಾ 3-5-2ರಲ್ಲಿ ನಿಂತಿತಾ ಅನ್ನುವುದಕ್ಕೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಅದು ಐದು ನಿಮಿಷಕ್ಕೊಮ್ಮೆ ಬದಲಾಗುತ್ತದೆ.

ಒಂದು ಎಚ್ಚರಿಕೆ. ಪಂದ್ಯಕ್ಕೆ ಇಷ್ಟು ಅಂಕ ಅನ್ನುವ ಲೆಕ್ಕವನ್ನು ಬೇರೆ ದೇಶದ ಲೀಗ್ ಜತೆ ಹೋಲಿಸಬೇಡಿ. 10 ತಂಡದ ಲೀಗ್‌ನಲ್ಲಿ ಅದೇ ಎದುರಾಳಿ ವರ್ಷಕ್ಕೆ ನಾಲ್ಕು ಸಲ ಬರುತ್ತಾನೆ. ಮೊದಲ ಸಲ ನಡೆದ ಉಪಾಯ ಮೂರನೇ ಸಲ ನಡೆಯುವುದಿಲ್ಲ. ಅದೇ ಕ್ಲಬ್ಬಿನ ಹಿಂದಿನ ವರ್ಷದ ಜತೆ, ಅದೇ ಲೀಗ್‌ನ ಅಕ್ಕಪಕ್ಕದ ತಂಡಗಳ ಜತೆ ಮಾತ್ರ ಹೋಲಿಸಿ.

ಒಂದು ರಾತ್ರಿಗೆ ಒಂದು ಪುಟ

ಪ್ರತಿ ಮ್ಯಾನೇಜರ್‌ಗೂ ಒಂದು ಪಂದ್ಯವನ್ನು ಆರಿಸಿ ಪೂರ್ತಿ ಬರೆಯಿರಿ. ಎಲ್ಲವೂ ಒಂದೇ ರಾತ್ರಿಯಲ್ಲಿ ನಿಂತಿರುವಂಥದ್ದಾದರೆ ಇನ್ನೂ ಒಳ್ಳೆಯದು. ಡಫ್ ವಿಷಯದಲ್ಲಿ ಆರಿಸುವ ಕಷ್ಟವೇ ಇಲ್ಲ: 2024ರ ನವೆಂಬರ್ 1, ಶುಕ್ರವಾರ, ಡೆರ್ರಿಯ ಬ್ರ್ಯಾಂಡಿವೆಲ್.

ಡೆರ್ರಿ ಇರುವುದು ಉತ್ತರ ಐರ್ಲೆಂಡಿನಲ್ಲಿ, ಗಡಿಯ ಆಚೆ. ಆದರೂ ಡೆರ್ರಿ ಸಿಟಿ 1985ರಿಂದ ಈಚೆಯ ಲೀಗ್‌ನಲ್ಲೇ ಆಡುತ್ತದೆ. ಎರಡು ವರ್ಷದ ಹಿಂದೆ ಕಪ್ ಫೈನಲ್‌ನಲ್ಲಿ ನಾಲ್ಕು ಗೋಲು ಹೊಡೆದದ್ದು ಇದೇ ತಂಡ. ಈಗ ಲೀಗ್‌ನ ಕೊನೆಯ ಪಂದ್ಯ ಅವರದೇ ಮೈದಾನದಲ್ಲಿ. ಅದೇ ಹೊತ್ತಿಗೆ ಡಬ್ಲಿನ್‌ನ ಟಾಲಾದಲ್ಲಿ ಶ್ಯಾಮ್‌ರಾಕ್ ರೋವರ್ಸ್ ವಾಟರ್‌ಫರ್ಡ್ ವಿರುದ್ಧ ಆಡುತ್ತಿತ್ತು, ಗೆದ್ದಿತು ಕೂಡ. ಇತ್ತ ಡೆರ್ರಿಯಲ್ಲಿ 80 ನಿಮಿಷ ಕಳೆದರೂ ಗೋಲಿಲ್ಲ. ಹಾಗೇ ಮುಗಿದಿದ್ದರೆ ಎರಡೂ ತಂಡಕ್ಕೆ 61 ಅಂಕ. 85ನೇ ನಿಮಿಷದಲ್ಲಿ ಹ್ಯಾರಿ ವುಡ್ ಹೊಡೆದರು. 1-0. ಶೆಲ್‌ಬರ್ನ್‌ಗೆ 14ನೇ ಲೀಗ್, 2006ರ ನಂತರ ಮೊದಲನೆಯದು.

ಬರೆಯುವಾಗ ಗೋಲನ್ನು ಕೊನೆಗೆ ಇಡಿ. ಮೊದಲು ಆ 85 ನಿಮಿಷ ಬರೆಯಿರಿ. ಡ್ರಾ ಆದರೆ ಕಪ್ ಕೈತಪ್ಪಬಹುದು ಅಂತ ಗೊತ್ತಿದ್ದೂ ಹನ್ನೊಂದು ಜನ ಗಾಬರಿಯಾಗಿ ಉದ್ದ ಉದ್ದ ಒದೆಯದೆ ಆಡಿದರು. ನನಗೆ ಆ ರಾತ್ರಿಯ ದೊಡ್ಡ ಸಾಧನೆ ಅದು. ಅದು ಹುಟ್ಟಿದ್ದು ಅಭ್ಯಾಸದ ಮೈದಾನದಲ್ಲಿ, ವರ್ಷಗಟ್ಟಲೆ.

ಬಿಟ್ಟು ಹೋದದ್ದನ್ನೂ ಬರೆಯಿರಿ

ಇಲ್ಲಿ ಪ್ರೀತಿ ಅಡ್ಡ ಬರುತ್ತದೆ. ಇಷ್ಟದ ಮ್ಯಾನೇಜರ್ ಆದರೆ ಕಪ್ ಗೆದ್ದ ರಾತ್ರಿಗೇ ನೋಟ್‌ಬುಕ್ ಮುಚ್ಚಬೇಕು ಅನ್ನಿಸುತ್ತದೆ. ಮುಚ್ಚಬೇಡಿ.

2025ರ ಜೂನ್ 22ರಂದು ಡಫ್ ರಾಜೀನಾಮೆ ಕೊಟ್ಟರು. ಚಾಂಪಿಯನ್ ತಂಡ ಆಗ ಆರನೇ ಸ್ಥಾನದಲ್ಲಿತ್ತು. ಚಾಂಪಿಯನ್ಸ್ ಲೀಗ್ ಅರ್ಹತಾ ಪಂದ್ಯ ಎದುರಿಗಿತ್ತು, ಅದೂ ಬೆಲ್‌ಫಾಸ್ಟ್‌ನ ಲಿನ್‌ಫೀಲ್ಡ್ ವಿರುದ್ಧ. ಡ್ರಮ್‌ಕಾಂಡ್ರಾದಲ್ಲಿ ಆ ವಾರ ಬೇರೆ ಮಾತೇ ಇರಲಿಲ್ಲ. ನನಗೂ ಬೇಜಾರಾಯಿತು. ಆ ಆರನೇ ಸ್ಥಾನವನ್ನು ಕೆಂಪಿನಲ್ಲೇ ಬರೆದಿದ್ದೇನೆ. ಯಾಕೆ ಬಿಟ್ಟರು ಅಂತ ಕೇಳಿಬಂದ ಗಾಳಿಮಾತನ್ನು ಬರೆದಿಲ್ಲ. ನೀವೂ ಬರೆಯಬೇಡಿ. ಒಬ್ಬರ ಮನಸ್ಸಿನಲ್ಲಿ ಏನಿತ್ತು ಅನ್ನುವುದು ನಮ್ಮ ಪುಟಕ್ಕೆ ಸೇರಿದ್ದಲ್ಲ.

ಅದರ ಕೆಳಗೆ ಇನ್ನೊಂದು ಸಾಲು ಬೇಕು: ಹೋದ ಮೇಲೆ ಏನು ಉಳಿಯಿತು? ಸಹಾಯಕರಾಗಿದ್ದ ಜೋಯಿ ಓ'ಬ್ರಯನ್ ಮ್ಯಾನೇಜರ್ ಆದರು. ಅವರೂ ಐರ್ಲೆಂಡ್ ಪರ ಆಡಿದವರು. ಶೆಲ್‌ಬರ್ನ್ ಲಿನ್‌ಫೀಲ್ಡ್ ತಂಡವನ್ನು ಸೋಲಿಸಿತು. ಮುಂದೆ ಅಜರ್‌ಬೈಜಾನ್‌ನ ಕರಬಾಗ್‌ಗೆ, ಆಮೇಲೆ ಕ್ರೊಯೇಷಿಯಾದ ರಿಯೇಕಾಗೆ ಸೋತಿತು. ಕಾನ್ಫರೆನ್ಸ್ ಲೀಗ್ ಪ್ಲೇಆಫ್‌ನಲ್ಲಿ ಮತ್ತೆ ಲಿನ್‌ಫೀಲ್ಡ್ ಸಿಕ್ಕಿತು, ಮತ್ತೆ ಗೆದ್ದಿತು. ಹೀಗೆ ಮೊದಲ ಸಲ ಯುರೋಪಿನ ಲೀಗ್ ಹಂತ ತಲುಪಿತು. ತಂಡದ ಬೆನ್ನೆಲುಬು ಡಫ್ ಕಟ್ಟಿದ್ದು, ಆಡಿಸಿದ್ದು ಓ'ಬ್ರಯನ್. ಹಾಗಾದರೆ ಈ ಗೆಲುವು ಯಾರ ಲೆಕ್ಕಕ್ಕೆ? ನಾನು ಎರಡೂ ಹೆಸರಿನಲ್ಲಿ ಬರೆಯುತ್ತೇನೆ, ಓ'ಬ್ರಯನ್ ಹೆಸರು ಮೊದಲು. ಕಷ್ಟದ ವಾರದಲ್ಲಿ ಗೆರೆಯ ಪಕ್ಕ ನಿಂತವರು ಅವರು.

ಪುಟ ಮುಗಿದ ಮೇಲೆ

ಒಂದೇ ನೋಟ್‌ಬುಕ್ ಓದಿ ತೀರ್ಪು ಕೊಡಬೇಡಿ. ಹಳಬರಲ್ಲಿ ಇಬ್ಬರನ್ನು ಪಕ್ಕದಲ್ಲಿ ಇಟ್ಟು ನೋಡಿ. ಜಾನಿ ಜೈಲ್ಸ್ ಲೀಡ್ಸ್‌ನ ಮಹಾನ್ ಮಿಡ್‌ಫೀಲ್ಡರ್. ಆಟಗಾರ-ಮ್ಯಾನೇಜರ್ ಆಗಿ ವೆಸ್ಟ್ ಬ್ರಾಮ್ ತಂಡವನ್ನು 1976ರಲ್ಲಿ ಮೇಲಿನ ಡಿವಿಷನ್‌ಗೆ ತಂದರು. 1977ರಲ್ಲಿ ಡಬ್ಲಿನ್‌ಗೆ ಬಂದು ಶ್ಯಾಮ್‌ರಾಕ್ ರೋವರ್ಸ್ ಹಿಡಿದರು. ಇಲ್ಲಿನ ಕ್ಲಬ್ಬನ್ನು ಪೂರ್ಣಾವಧಿ ವೃತ್ತಿಪರ ತಂಡ ಮಾಡಿ ಯುರೋಪಿನ ಮಟ್ಟಕ್ಕೆ ಒಯ್ಯುವ ಕನಸು ಅವರದು. 1978ರಲ್ಲಿ ಕಪ್ ಗೆದ್ದರು, ಲೀಗ್ ಮಾತ್ರ ಸಿಗಲಿಲ್ಲ. 1983ರಲ್ಲಿ ಅವರು ಹೋದರು, ಜಿಮ್ ಮೆಕ್ಲಾಕ್ಲಿನ್ ಬಂದರು. ಆಟಗಾರನಾಗಿ ಜೈಲ್ಸ್ ಅವರಷ್ಟು ಹೆಸರಿಲ್ಲ. ಆದರೆ ಮಧ್ಯದ ಪುಟದಲ್ಲಿ ಡನ್‌ಡಾಕ್ ಕ್ಲಬ್ಬಿನ ವರ್ಷಗಳಿದ್ದವು. ರೋವರ್ಸ್‌ನಲ್ಲಿ 1984, 1985, 1986, ಸತತ ಮೂರು ಲೀಗ್. ಆಮೇಲೆ 1989ರಲ್ಲಿ ತಮ್ಮ ಊರು ಡೆರ್ರಿಗೆ ಒಂದೇ ಸೀಸನ್‌ನಲ್ಲಿ ಮೂರು ಕಪ್. ಅದೇ ಕ್ಲಬ್, ಅದೇ ವರ್ಷ ಒಬ್ಬರು ಹೋದರು, ಇನ್ನೊಬ್ಬರು ಬಂದರು. ಎಡಗಡೆ ಪುಟ ನೋಡಿ ಬಲಗಡೆ ಪುಟವನ್ನು ಊಹಿಸಲು ಹೊರಟವರಿಗೆ ಈ ಜೋಡಿಯನ್ನು ತೋರಿಸಿ.

ಈಗ ನೀವೇ ಒಂದು ಶುರು ಮಾಡಿ. ಟಾಲಾದ ರಾಬಿ ಕೀನ್ ಒಳ್ಳೆಯ ಆಯ್ಕೆ. ಐರ್ಲೆಂಡ್ ಪರ 146 ಪಂದ್ಯ, 68 ಗೋಲು. ಎಡಗಡೆ ಪುಟವನ್ನು ಬೇಗ ಮುಗಿಸಬಹುದು. ಆಡಿಸುವ ಕೆಲಸದ ಮೊದಲ ಸಾಲು 2018ರದು, ಕೋಲ್ಕತಾದ ಎಟಿಕೆ ತಂಡದಲ್ಲಿ, ಇನ್ನೂ ಆಡುತ್ತಿದ್ದಾಗಲೇ. ಮುಂದೆ ಸಹಾಯಕನ ಕೆಲಸಗಳು, ಇಸ್ರೇಲಿನಲ್ಲಿ ಮಕಾಬಿ ಟೆಲ್ ಅವೀವ್ ಜತೆ ಒಂದು ಲೀಗ್, 2025ರಲ್ಲಿ ಹಂಗೇರಿಯ ಫೆರೆನ್ಸ್‌ವಾರೋಶ್ ಜತೆ ಇನ್ನೊಂದು. ಎರಡೂ ಆ ದೇಶಗಳಲ್ಲಿ ಮೊದಲೇ ಬಲವಾಗಿದ್ದ ಕ್ಲಬ್‌ಗಳು. ಹಾಗಾಗಿ ಬಲಗಡೆ ಪುಟದ ಮೊದಲ ಸಾಲನ್ನು ಎಚ್ಚರದಿಂದ ಬರೆಯಿರಿ: ಅವರು ಬರುವ ಹಿಂದಿನ ವರ್ಷ ಆ ಕ್ಲಬ್ ಎಷ್ಟನೇ ಸ್ಥಾನದಲ್ಲಿತ್ತು, ಯಾರು ಬಿಟ್ಟು ಹೋಗಿದ್ದರು, ಡ್ರೆಸ್ಸಿಂಗ್ ರೂಮ್‌ನಲ್ಲಿ ಯಾರು ಉಳಿದಿದ್ದರು.